ಮನೆಯ ಸರ್ವರಿಗೆ ಬಾಗಿಲೂ ಬೀಗವೂ

ಮೂಲೆ ಸೇರಿದ ಗಣಕಯಂತ್ರವೊಂದು ಮನೆಯಲ್ಲಿದ್ದರೆ, ಅದರಲ್ಲಿ ಲಿನಕ್ಸನ್ನು ನೆಲೆಗೊಳಿಸಿ, ಮನೆಮಂದಿ ಬರೆದುದನ್ನು ದೂರದ ಬಂಧುಗಳೂ ಓದುವಂತೆ ಮಾಡಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸರು ಆರಂಭಿಸಿದ ಈ ತಂತ್ರಾಂಶಕ್ಕಾಗಲಿ, ಪುಟಗಳನ್ನು ಒದಗಿಸುವ ಅಪಾಚೆಗಾಗಲಿ ಹಣ ತೆರಬೇಕಾಗಿಲ್ಲ. ನೆಲೆಗೊಳಿಸುವುದು ಒಂದು ಮಧ್ಯಾಹ್ನದ ಕೆಲಸ. ಕಾಪಾಡುವುದು ನಿತ್ಯದ ಕೆಲಸ.

'ಬಡ ಗೃಹಸ್ಥನ ಯಂತ್ರದಲ್ಲಿ ಕದಿಯಲು ಏನಿದೆ?' ಎಂದು ವಾಚಕರು ಕೇಳಬಹುದು. ಕದ ತಟ್ಟುವವರು ಮನುಷ್ಯರಲ್ಲ. ವಿಳಾಸದಿಂದ ವಿಳಾಸಕ್ಕೆ ಹಗಲಿರುಳೂ ಅಲೆಯುವ ಯಂತ್ರಗಳು. ಅವು ಧನಿಕ-ದರಿದ್ರರೆಂಬ ಭೇದವನ್ನೆಣಿಸುವುದಿಲ್ಲ. ಒಳಹೊಕ್ಕರೆ ನಮ್ಮ ಯಂತ್ರದ ಮರೆಯಲ್ಲಿಯೇ ಪರರ ಮನೆಗೆ ಕನ್ನ ಹಾಕುವುವು.

ಆದುದರಿಂದ ಮೊದಲು ಫೈರ್‌ವಾಲಿನಿಂದ ಎಲ್ಲ ದ್ವಾರಗಳನ್ನೂ ಮುಚ್ಚತಕ್ಕದ್ದು. ಲೋಕಕ್ಕೆ 80 ಮತ್ತು 443 ಎಂಬ ಎರಡೇ ಸಾಕು. ರೂಟರಿನಲ್ಲಿಯೂ ಇವೆರಡಕ್ಕೇ ದಾರಿ ಬಿಡತಕ್ಕದ್ದು. 443ರಲ್ಲಿ ಸಂಭಾಷಣೆಯು ಗೂಢಲಿಪಿಯಲ್ಲಿ ನಡೆಯುವುದು. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವುದು. ಯಜಮಾನನು ಯಂತ್ರವನ್ನಾಳುವ 22ನೆಯ ದ್ವಾರವು ಮನೆಯೊಳಗಿನವರಿಗೆ ಮಾತ್ರ ತೆರೆದಿರಲಿ. ಅಲ್ಲಿ ಗುಪ್ತಪದದ ಪ್ರವೇಶವನ್ನು ನಿಲ್ಲಿಸಿ ಕೀಲಿಯ ಜೋಡಿಯನ್ನು ಬಳಸುವುದು ಉತ್ತಮ. ಗುಪ್ತಪದವನ್ನು ಊಹಿಸಬಹುದು, ಕೀಲಿಯನ್ನು ಊಹಿಸುವುದು ಅಸಾಧ್ಯಪ್ರಾಯ. ಜೋಡಿಯಲ್ಲಿ ಒಂದು ಸರ್ವರಿನಲ್ಲಿರುವುದು. ಗೋಪ್ಯವಾದ ಇನ್ನೊಂದು ನಮ್ಮ ಕೈಯ ಗಣಕದಿಂದ ಹೊರಡಲಾಗದು.

ತಂತ್ರಾಂಶದ ದೋಷಗಳು ಬಯಲಾದಂತೆಲ್ಲ ತಿದ್ದುಪಡಿಗಳು ಬರುತ್ತಿರುವುವು. ಅವನ್ನು ತಡಮಾಡದೆ ಅಳವಡಿಸಬೇಕು. ಬರಹಗಳ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಲಿ. ಮನೆಯ ಲೆಕ್ಕಪತ್ರಗಳನ್ನು ಮಾತ್ರ ಈ ಯಂತ್ರದಲ್ಲಿಡಲೇಬಾರದು. ಜಗಲಿಯಲ್ಲಿ ಅತಿಥಿಗೆ ಆಸನವನ್ನಿಡುವೆವಲ್ಲದೆ ತಿಜೋರಿಯನ್ನಿಡುವೆವೆ?