ಇಸ್ತಾಂಬುಲ್‌ನಲ್ಲಿ ನಮ್ಮನೆ

ಇಸ್ತಾಂಬುಲ್‌ನಲ್ಲಿ ನನಗೊಂದು ಮನೆ ಇದೆ. ಟಕ್ಸಿಮ್ ಚೌಕದ ಹತ್ರ. ನಾನದನ್ನ ಯಾವತ್ತೂ ನೋಡಿಲ್ಲ. ಗೂಗಲ್ ಮ್ಯಾಪಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ ಹೋಟೆಲಿನ ವಿಳಾಸ ಅದು. 2022ರ ಒಂದು ಶನಿವಾರ ಹಲಸೂರಿನ ಬಾಡಿಗೆ ಮನೆಯಲ್ಲಿ ಕೂತು ಪ್ಲೇಸ್ಟೇಷನ್‌ನಲ್ಲಿ ಹೊಸ ಖಾತೆ ತೆರೆದೆ. ದೇಶ ಯಾವುದು ಅಂತ ಕೇಳಿದಾಗ ಟರ್ಕಿ ಅಂತ ಒತ್ತಿ ಆ ವಿಳಾಸ ತುಂಬಿದೆ. ಗಿಫ್ಟ್ ಕಾರ್ಡ್ ಮಾರೋ ಒಬ್ಬನಿಗೆ ಯುಪಿಐ ಮಾಡಿದರೆ ಲಿರಾ ಲೆಕ್ಕದ ಕೋಡ್ ವಾಟ್ಸಾಪಿಗೆ ಬಂತು. ಹತ್ತು ನಿಮಿಷದ ಕೆಲಸ. ನಮ್ಮ ಸ್ಟೋರಿನಲ್ಲಿ 4,999 ರೂಪಾಯಿ ಇದ್ದ ಗೇಮ್ ಸಾವಿರ, ಒಂದೂವರೆ ಸಾವಿರ ಕಮ್ಮಿಗೆ ಸಿಕ್ತು. ಸೋಮವಾರ ಆಫೀಸಲ್ಲಿ ಊಟದ ಹೊತ್ತಿಗೆ ನಾನೇ ಹೀರೊ.

ಇದಕ್ಕೆ ನಾವಿಟ್ಟಿರೋ ಹೆಸರು ಜುಗಾಡ್. ಅದು ಜುಗಾಡ್ ಅಲ್ಲ ಅಂತ ಹೇಳೋಕೇ ಇದನ್ನ ಬರೀತಿದ್ದೀನಿ. ಬೈಗುಳ ಮೊದಲು ನನಗೇ ತಗಲುತ್ತೆ, ಪರವಾಗಿಲ್ಲ.

ಆದರೆ ಬೇರೆ ದೇಶದ ಸ್ಟೋರಿನಿಂದ ಗೇಮ್ ತಗೊಳ್ಳೋರೆಲ್ಲ ತಪ್ಪು ಮಾಡ್ತಿದ್ದಾರೆ ಅಂತ ನಾನು ಹೇಳ್ತಿಲ್ಲ. ನಿಂಟೆಂಡೊ ಇಟ್ಕೊಂಡೋರ ಕಥೆ ಬೇರೆ. ಸ್ವಿಚ್ ಜಗತ್ತಿಗೆ ಬಂದಿದ್ದು 2017ರ ಮಾರ್ಚ್‌ನಲ್ಲಿ. ಭಾರತದಲ್ಲಿ ಅದನ್ನ ಕಂಪನಿ ಅಧಿಕೃತವಾಗಿ ಮಾರಲೇ ಇಲ್ಲ. ಇಲ್ಲಿಗೆ ಅಂತ ಒಂದು ಇ-ಶಾಪ್ ಕೂಡ ಇಲ್ಲ. ಆದರೂ ಇಂದಿರಾನಗರದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಂದು ಸ್ವಿಚ್ ಕಾಣುತ್ತೆ. ದುಬೈನಿಂದ ಬಂದ ಭಾವ ತಂದಿರ್ತಾರೆ, ಇಲ್ಲಾ ಇಲ್ಲಿನ ಅಂಗಡಿಯವರೇ ಹೊರಗಡೆಯಿಂದ ತರಿಸಿರ್ತಾರೆ. ಕಾರ್ಟ್ರಿಡ್ಜ್‌ಗೆ ದೇಶದ ಹಂಗಿಲ್ಲ, ಎಲ್ಲಿಂದ ತಂದರೂ ಓಡುತ್ತೆ. ಡಿಜಿಟಲ್ ಬೇಕು ಅಂದರೆ ಮಾತ್ರ ಅಮೆರಿಕದವನೋ ಜಪಾನಿನವನೋ ಆಗಲೇಬೇಕು. ಸೇಲ್ಸ್ ಟ್ಯಾಕ್ಸ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಒರೆಗಾನ್ ರಾಜ್ಯದ ಪಿನ್ ಕೋಡ್ ಬಾಯಿಪಾಠ ಇರೋರನ್ನ ಬಲ್ಲೆ. (ವಿಳಾಸದ ಮೇಲೆ ದೊರೆ ಬದಲಾಗೋದು ಹಲಸೂರಿಗೇನೂ ಹೊಸದಲ್ಲ. 1881ರಿಂದ 1947ರ ಜುಲೈವರೆಗೆ ಕಂಟೋನ್ಮೆಂಟು ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲಿತ್ತು. ಕಬ್ಬನ್ ಪಾರ್ಕಿನ ಆಚೆಯ ಪೇಟೆ ಮೈಸೂರು ಮಹಾರಾಜರದು.) ಅಂಗಡಿಯನ್ನೇ ತೆರೆಯದ ಕಂಪನಿಗೆ, ಅವರದೇ ಇನ್ನೊಂದು ಅಂಗಡಿಯಲ್ಲಿ, ಅಲ್ಲಿಯ ಪೂರ್ತಿ ಬೆಲೆ ಕೊಟ್ಟು ತಗೊಂಡರೆ ಯಾರ ಗಂಟೂ ಹೋಗಲ್ಲ. ಮೇಲೆ ಕಾರ್ಡಿನ ಫಾರೆಕ್ಸ್ ಮಾರ್ಕಪ್ ಬೇರೆ ಕಟ್ತೀವಿ. ಅಲ್ಲಿ ಹೇಳೋ ಸುಳ್ಳು ಕಂಪನಿಯೇ ನಮ್ಮಿಂದ ಹೇಳಿಸ್ತಿರೋ ಸುಳ್ಳು.

ನನ್ನ ಟರ್ಕಿ ಖಾತೆ ಹಾಗಲ್ಲ. ಪ್ಲೇಸ್ಟೇಷನ್‌ಗೆ ಭಾರತದಲ್ಲೇ ಸ್ಟೋರ್ ಇದೆ, ರೂಪಾಯಿಯಲ್ಲೇ ಬೆಲೆ ಇದೆ. ನಾನು ಟರ್ಕಿಗೆ ಹೋಗಿದ್ದು ಅಲ್ಲಿ ಅಗ್ಗ ಅನ್ನೋ ಒಂದೇ ಕಾರಣಕ್ಕೆ. ಅಲ್ಲಿ ಯಾಕೆ ಅಗ್ಗ ಆಯ್ತು ಅಂತ ಆಗ ಒಂದು ಕ್ಷಣನೂ ಯೋಚಿಸಲಿಲ್ಲ. 2021ರ ಶುರುವಿನಲ್ಲಿ ಒಂದು ಡಾಲರಿಗೆ ಏಳು ಲಿರಾ ಚಿಲ್ಲರೆ ಇತ್ತು. 2023ರ ಕೊನೆಗೆ ಇಪ್ಪತ್ತೊಂಬತ್ತು ದಾಟಿತ್ತು. ಅಲ್ಲಿಯ ಸರಕಾರ ಕೊಟ್ಟ ಲೆಕ್ಕದಲ್ಲೇ 2022ರ ಅಕ್ಟೋಬರಿನ ಹಣದುಬ್ಬರ ಶೇಕಡಾ 85. ಅಂದರೆ ಅಲ್ಲಿ ಬ್ರೆಡ್ಡು, ಬಾಡಿಗೆ, ಬಸ್ ಚಾರ್ಜು ಎಲ್ಲ ಏರ್ತಾ ಇರೋವಾಗ ಸ್ಟೋರಿನ ಬೆಲೆ ಮಾತ್ರ ಸ್ವಲ್ಪ ಹಿಂದೆ ಉಳೀತು. ನಾವು ಮೇಳಕ್ಕೆ ನುಗ್ಗಿದ ಹಾಗೆ ಆ ಸಂದಿಗೆ ನುಗ್ಗಿದೆವು. ನಾವೊಬ್ಬರೇ ಅಲ್ಲ ಅನ್ನಿ. 2022ರ ಮಾರ್ಚ್‌ನಲ್ಲಿ ರಷ್ಯಾದ ಪ್ಲೇಸ್ಟೇಷನ್ ಸ್ಟೋರ್ ನಿಂತಮೇಲೆ ಅಲ್ಲಿಯ ಆಟಗಾರರೂ ಬಂದು ಸೇರಿಕೊಂಡರು.

ಆಮೇಲೆ ಏನಾಯ್ತು? ಕನ್ಸೋಲ್ ಸ್ಟೋರುಗಳಲ್ಲಿ ಬೆಲೆ ಮೇಲಿಂದ ಮೇಲೆ ಏರಿತು. ಪಿಸಿ ಕಡೆ ಸ್ಟೀಮ್ ಅಂತೂ 2023ರ ನವೆಂಬರ್ 20ರಿಂದ ಟರ್ಕಿ ಮತ್ತು ಅರ್ಜೆಂಟೀನಾದಲ್ಲಿ ಸ್ಥಳೀಯ ಕರೆನ್ಸಿಯನ್ನೇ ತೆಗೆದು ಡಾಲರಿನಲ್ಲಿ ಮಾರೋಕೆ ಶುರು ಮಾಡ್ತು. ಕಂಪನಿ ಕೊಟ್ಟ ಕಾರಣ ವಿನಿಮಯ ದರದ ಏರಿಳಿತ. ಅದು ಸುಳ್ಳೇನಲ್ಲ. ಎಲ್ಲಾ ಹಲಸೂರಿನ ಹುಡುಗರಿಂದ ಆಯ್ತು ಅಂತ ಹೇಳೋಷ್ಟು ದಡ್ಡ ನಾನಲ್ಲ. ಆದರೆ ಅದಕ್ಕೂ ಎರಡು ವರ್ಷ ಮುಂಚೆಯೇ ಸ್ಟೀಮ್ ಮೂರು ತಿಂಗಳಿಗೆ ಒಂದೇ ಸಲ ದೇಶ ಬದಲಾಯಿಸಬಹುದು ಅಂತ ನಿಯಮ ತಂದಿದ್ದು ಸುಮ್ನೆ ಅಲ್ಲ. ಹೊರಗಿನವರು ನುಗ್ಗೋದನ್ನ ಅವರು ನೋಡ್ತಾನೇ ಇದ್ದರು. ಅಂಥ ಕಡೆ ಕಮ್ಮಿ ಬೆಲೆ ಉಳಿಸಿಕೊಳ್ಳೋಕೆ ಯಾವ ಕಂಪನಿಗೂ ಮನಸ್ಸು ಬರಲ್ಲ. 2023ರ ಜನವರಿಯಲ್ಲಿ ಟರ್ಕಿಯ ಕನಿಷ್ಠ ವೇತನ ಕೈಗೆ ಸಿಗೋದು ತಿಂಗಳಿಗೆ 8,506 ಲಿರಾ, ಆಗಿನ ಲೆಕ್ಕದಲ್ಲಿ ಸುಮಾರು 450 ಡಾಲರ್. ಅಷ್ಟರಲ್ಲಿ ಬದುಕೋ ಹುಡುಗನಿಗೆ ಡಾಲರ್ ಬೆಲೆ ಬಂತು. ನಮಗೇನು, ಇನ್ನೊಂದು ದೇಶ ಹುಡುಕಿದೆವು.

ಇದು ನನ್ನ ತಲೆಗೆ ಹೊಕ್ಕಿದ್ದು ಗೇಮಿನಿಂದಲ್ಲ, ಬಾಡಿಗೆಯಿಂದ. ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಟೈಲರ್ ಅಂಕಲ್ ಕುಟುಂಬ ಹದಿನಾರು ವರ್ಷದಿಂದ ಇತ್ತು. ಹಲಸೂರು ಬಜಾರ್ ಸ್ಟ್ರೀಟ್ ಹತ್ರ ಅವರ ಅಂಗಡಿ. ಕೊರೊನಾ ಮುಗಿದು ಕಂಪನಿಗಳು ಆಫೀಸಿಗೆ ಕರೆದಾಗ ಊರೆಲ್ಲ ಬಾಡಿಗೆ ಏರಿತಲ್ಲ, ಆಗ ಓನರ್ ಹದಿನೆಂಟು ಸಾವಿರದಿಂದ ಒಂದೇ ಏಟಿಗೆ ಇಪ್ಪತ್ತೆಂಟು ಅಂದರು. ಅಡ್ವಾನ್ಸ್ ಹತ್ತು ತಿಂಗಳದ್ದು. "ಐಟಿಯವರು ಮುಖ ನೋಡದೇ ಕೊಡ್ತಾರೆ ಕಣಪ್ಪ, ನಾನೇನು ಮಾಡ್ಲಿ," ಅಂದರು ಓನರ್. ಅಂಕಲ್ ಮನೆ ಖಾಲಿ ಮಾಡಿ ಕೆ.ಆರ್. ಪುರಂ ಆಚೆ ಭಟ್ಟರಹಳ್ಳಿ ಕಡೆ ಹೋದರು. ಅಂಗಡಿ ಇಲ್ಲೇ ಉಳೀತು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ಮೆಟ್ರೊ ಶುರುವಾಗಿದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿವರೆಗೆ ದಿನಾ ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಬಸ್ಸಿನಲ್ಲಿ ನಿಂತು ಬರೋರು. ಆ ಮನೆಗೆ ಬಂದಿದ್ದು ಡಾಲರಿನಲ್ಲಿ ಸಂಬಳ ತಗೊಳ್ಳೋ ಇಬ್ಬರು ಹುಡುಗರು. ಕೆಟ್ಟೋರಲ್ಲ. ಹಬ್ಬಕ್ಕೆ ಸ್ವೀಟ್ ಕೊಟ್ಟಿದ್ದರು. ಕೇಳಿದ ಬಾಡಿಗೆ ಅವರ ಊರಿನ ಲೆಕ್ಕದಲ್ಲಿ ಅಗ್ಗ ಅನ್ನಿಸಿತ್ತು, ಕೊಟ್ಟರು, ಅಷ್ಟೇ.

ಆ ವಾರ ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆದೆ. ಹೊರಗಿನ ದುಡ್ಡು ಬಂದು ಊರಿನೋರನ್ನ ಓಡಿಸ್ತಿದೆ ಅಂತೆಲ್ಲ. ಇನ್ನೂರು ಲೈಕ್. ಬರೆದು ಮುಗಿಸಿ ಟಿವಿ ಹಾಕಿದರೆ ಪರದೆ ಮೇಲೆ ಎಲ್ಲ ಟರ್ಕಿಶ್ ಭಾಷೆ. ನನ್ನ ಟಕ್ಸಿಮ್ ಮನೆ. ಅಲ್ಲಿ ಹೊರಗಿನ ದುಡ್ಡು ಅಂದರೆ ನಾನೇ ಅಲ್ವಾ?

ಇದನ್ನ ಆಫೀಸಲ್ಲಿ ಹೇಳಿದಾಗ ಬಂದ ಉತ್ತರಗಳಲ್ಲಿ ಬಹಳಷ್ಟು ಸಪ್ಪೆ. ಕಂಪನಿ ಕೋಟ್ಯಂತರ ದುಡಿಯುತ್ತೆ, ನಮ್ಮ ಸಾವಿರದಿಂದ ಏನು ಅಂತ. ಕಂಪನಿಗೆ ಏನೂ ಆಗಲ್ಲ, ನಾನೂ ಅದನ್ನೇ ಹೇಳ್ತಿರೋದು. ಒಬ್ಬಳ ವಾದ ಮಾತ್ರ ಗಟ್ಟಿ ಇತ್ತು. "ಕಂಪನಿಗಳು ಸಂಬಳ ಕಮ್ಮಿ ಅಂತ ಕೆಲಸನ ಬೆಂಗಳೂರಿಗೆ ತರ್ತಾರೆ. ನಾನು ಬೆಲೆ ಕಮ್ಮಿ ಅಂತ ಟರ್ಕಿಗೆ ಹೋದರೆ ಮಾತ್ರ ಪಾಪನಾ?" ಇದೇ ತರ್ಕದ್ದೊಂದು ಕೇಸು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದೂ ಇದೆ. ಥಾಯ್ಲೆಂಡಿನ ವಿದ್ಯಾರ್ಥಿಯೊಬ್ಬ ಅಲ್ಲಿಯ ಅಗ್ಗದ ಪಠ್ಯಪುಸ್ತಕಗಳನ್ನ ತರಿಸಿ ಅಮೆರಿಕದಲ್ಲಿ ಮಾರ್ತಿದ್ದ. ವೈಲಿ ಪ್ರಕಾಶನ ಕೇಸು ಹಾಕಿತು. 2013ರಲ್ಲಿ ಕೋರ್ಟು ಅವನ ಪರ ನಿಂತಿತು. ಕೇಳಿದಾಗ ನನಗೂ ಖುಷಿಯೇ ಆಯ್ತು.

ಆದರೆ ನಾವು ಇಂಜಿನಿಯರಿಂಗ್ ಓದಿದ್ದು ಯಾವ ಪುಸ್ತಕದಲ್ಲಿ ಹೇಳಿ? ಅವೆನ್ಯೂ ರೋಡಿನಲ್ಲಿ ನಾನೂರು ರೂಪಾಯಿಗೆ ಸಿಗ್ತಿದ್ದ, ತೆಳು ಹಾಳೆಯ, ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಅಂತ ರಟ್ಟಿನ ಮೇಲೆ ಅಚ್ಚಾಗಿದ್ದ ಪುಸ್ತಕದಲ್ಲಿ. ಅದರ ಅಮೆರಿಕದ ಬೆಲೆಗೆ ನಮ್ಮಪ್ಪನ ಅರ್ಧ ಸಂಬಳ ಬೇಕಿತ್ತು. ಆ ಒಂದು ಸಾಲು ಇದ್ದಿದ್ದಕ್ಕೆ ನಾನಿವತ್ತು ಇಲ್ಲಿದ್ದೀನಿ. ಅಮೆರಿಕದ ಪ್ರತಿಯೊಬ್ಬ ವಿದ್ಯಾರ್ಥಿಯೂ ಅವೆನ್ಯೂ ರೋಡಿನಿಂದಲೇ ತರಿಸಿಕೊಂಡಿದ್ದರೆ ಪ್ರಕಾಶಕರು ಅಲ್ಲಿಯ ಬೆಲೆ ಇಳಿಸ್ತಿರಲಿಲ್ಲ, ಇಲ್ಲಿಯ ಪುಸ್ತಕ ನಿಲ್ಲಿಸ್ತಿದ್ದರು. ಈಗಲೂ ನಾವು ಅಂಥ ರಿಯಾಯಿತಿಯಲ್ಲೇ ಇರೋರು. ನೆಟ್‌ಫ್ಲಿಕ್ಸಿನ ಮೊಬೈಲ್ ಪ್ಲಾನ್ 2019ರಲ್ಲಿ 199ಕ್ಕೆ ಬಂದು, 2021ರ ಡಿಸೆಂಬರಿನಲ್ಲಿ 149ಕ್ಕೆ ಇಳಿದಿದ್ದು ಭಾರತೀಯರ ಜೇಬು ನೋಡಿ. ವಿಪಿಎನ್ ಹಾಕಿಕೊಂಡು ಭಾರತದವರಂತೆ ನಟಿಸೋ ಯೂರೋಪಿನವರೂ ಇದ್ದಾರೆ. 2024ರಲ್ಲಿ ಯೂಟ್ಯೂಬ್ ಹೀಗೆ ಸುಳ್ಳು ದೇಶ ತೋರಿಸಿ ಪ್ರೀಮಿಯಂ ತಗೊಂಡವರ ಸಬ್‌ಸ್ಕ್ರಿಪ್ಷನ್ ರದ್ದು ಮಾಡೋಕೆ ಶುರು ಮಾಡ್ತು. ನಾಳೆ ಅವರ ದೆಸೆಯಿಂದ ನಮ್ಮ ಬೆಲೆ ಏರಿದರೆ ಮೊದಲು ಬೊಬ್ಬೆ ಹೊಡೆಯೋರು ನಾವೇ.

4,999 ಜಾಸ್ತಿ ಅನ್ನೋದು ನಿಜ. ಅಮೆರಿಕದಲ್ಲಿ 70 ಡಾಲರ್ ಅಂದರೆ, ಡಾಲರಿಗೆ 83 ಇದ್ದಾಗಿನ ಲೆಕ್ಕದಲ್ಲಿ ನಾವು ಕೊಡ್ತಿದ್ದಿದ್ದು 60 ಡಾಲರ್. ಇಬ್ಬರ ಸಂಬಳ ಪಕ್ಕಪಕ್ಕ ಇಟ್ಟರೆ ಇದು ರಿಯಾಯಿತಿನೇ ಅಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ತಿಂಗಳ ಪಿಜಿ ಬಾಡಿಗೆಯ ಅರ್ಧ ದುಡ್ಡನ್ನ ಒಂದು ಗೇಮಿಗೆ ಯಾಕೆ ಕೊಡಬೇಕು? ಜಗಳ ಆಡಬೇಕಾಗಿರೋದು ಇದಕ್ಕೆ, ಇಲ್ಲಿ, ಇಲ್ಲಿನ ಬೆಲೆ ಇಟ್ಟೋರ ಜೊತೆ. ಬದಲಿಗೆ ನಾವು ಸದ್ದಿಲ್ಲದೆ ಟರ್ಕಿ ಬಾಗಿಲಿಂದ ನುಸುಳಿದೆವು. ದುಬಾರಿ ಆಯ್ತು ಅಂತ ಭಾರತದ ಸ್ಟೋರ್ ಬಿಟ್ಟುಹೋದೋರ ಗದ್ದಲ ಯಾರಿಗೂ ಕೇಳಿಸಲೇ ಇಲ್ಲ, ಯಾಕಂದರೆ ಲೆಕ್ಕದಲ್ಲಿ ನಾವೆಲ್ಲ ಇಸ್ತಾಂಬುಲ್‌ನವರು.

ಹೋಗಲಿ, ಲಾಭನಾದ್ರೂ ಆಯ್ತಾ? ಪ್ಲೇಸ್ಟೇಷನ್ ಖಾತೆಯ ದೇಶವನ್ನ ಒಂದು ಸಲ ಹಾಕಿದ ಮೇಲೆ ಬದಲಾಯಿಸೋಕಾಗಲ್ಲ. ನನ್ನ ಹನ್ನೊಂದು ಗೇಮ್ ಆ ಹೋಟೆಲಿನ ವಿಳಾಸದಲ್ಲೇ ಕೂತಿವೆ. ಅವಕ್ಕೆ ಹೆಚ್ಚುವರಿ ಭಾಗ ಬಂದರೆ ಅದೂ ಟರ್ಕಿ ಸ್ಟೋರಿನದೇ ಆಗಬೇಕು, ಈಗ ಅಲ್ಲಿ ಬೆಲೆ ಏರಿದೆ. ಮಾರೋಕಂತೂ ಆಗಲ್ಲ.

ಮೊನ್ನೆ ಗ್ರೂಪಿನಲ್ಲಿ ಗೆಳೆಯನ ಮೆಸೇಜ್: "ಮಚ್ಚಾ, ಟರ್ಕಿ ವೇಸ್ಟ್. ಈಗ ಉಕ್ರೇನ್ ಅಕೌಂಟ್ ಚೀಪ್ ಅಂತೆ, ಮಾಡೋಣ್ವಾ?" ಯುದ್ಧ ನಡೀತಿರೋ ದೇಶ. ಕೆಳಗೆ ಆರು ಥಮ್ಸ್ ಅಪ್.

ನನಗೆ ಬೇಡ ಅಂತ ಬರೆದೆ. ನನ್ನ ಹತ್ರ ಮೂರು ಡಿಸ್ಕ್ ಇವೆ, ಆಡಿ ಮುಗಿಸಿದ್ದೀನಿ. ಬೇಕಾದವರು ಹಲಸೂರು ಮೆಟ್ರೊ ಸ್ಟೇಷನ್ ಕೆಳಗೆ ಬಂದು, ತಮ್ಮದೊಂದು ಕೊಟ್ಟು, ನನ್ನದೊಂದು ತಗೊಂಡು ಹೋಗಬಹುದು.