ಈಮಾನ್ ಬಗ್ಗೆ ಸಂಶಯ ಬಂದರೆ ಅದು ಕಾಯಿಲೆಯೇ, ಜಿನ್ ಕಾಟವೇ? ಗೊಂದಲದಲ್ಲಿರುವ ಮುಸ್ಲಿಂ ಯುವಜನರ ಜೊತೆ ನಿಲ್ಲುವುದು ಹೇಗೆ?

ಕಾಲೇಜಿಗೆ ಹೋಗುವ ಮಗ ನಮಾಝ್ ತಪ್ಪಿಸುತ್ತಿದ್ದಾನೆ. ಯಾಕೆ ಎಂದು ಕೇಳಿದರೆ ಎದುರು ಪ್ರಶ್ನೆ ಹಾಕುತ್ತಾನೆ. ಮಗಳು ರಂಝಾನಿನಲ್ಲಿ ಉಪವಾಸವನ್ನೇನೋ ಹಿಡಿಯುತ್ತಾಳೆ, ಆದರೆ ‘ಮನಸ್ಸಿನಲ್ಲಿ ಏನೂ ಇಲ್ಲ’ ಎನ್ನುತ್ತಾಳೆ. ಇಂಥ ಮಾತು ಹೊರಬಿದ್ದಾಗ ಮನೆಯವರು ಹೆದರಿಬಿಡುತ್ತಾರೆ. ಆ ಹೊತ್ತಿಗೆ ಸರಿಯಾಗಿ ಫೋನಿಗೆ ಫಾರ್ವರ್ಡ್‌ಗಳೂ ಬರುತ್ತವೆ.

ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಸಮುದಾಯದ ಒಳಗೆ ಓಡಾಡುವುದು: ಇದು ಜಿನ್ ಕಾಟ, ಇಂಥ ಕಡೆ ಕರೆದುಕೊಂಡು ಹೋಗಿ, ಮೊಬೈಲ್ ಕಿತ್ತುಕೊಳ್ಳಿ, ಬೇಗ ಮದುವೆ ಮಾಡಿ. ಎರಡನೆಯದು ಹೊರಗೆ ಓಡಾಡುವುದು: ನೋಡಿ, ಅವರ ಹುಡುಗರೇ ಅವರ ಧರ್ಮ ಬಿಡುತ್ತಿದ್ದಾರೆ. ಎರಡರಲ್ಲೂ ಆ ಹುಡುಗ ಅಥವಾ ಹುಡುಗಿಗೆ ಜಾಗವೇ ಇಲ್ಲ. ಹಾಗಾಗಿ ಈ ವಿಷಯದಲ್ಲಿ ವಿಜ್ಞಾನ, ಕಾನೂನು ಮತ್ತು ಇಸ್ಲಾಮಿನ ಪರಂಪರೆ ಏನು ಹೇಳುತ್ತವೆ ಎಂದು ನಾವು ಇಲ್ಲಿ ಬಿಡಿಸಿ ನೋಡುತ್ತೇವೆ. ಯಾರೂ ನಂಬಬೇಕು ಎಂದಾಗಲಿ ಬಿಡಬೇಕು ಎಂದಾಗಲಿ ಹೇಳುವುದು ನಮ್ಮ ಕೆಲಸವಲ್ಲ.

ಸಂಶಯ ಇಂಟರ್ನೆಟ್ ತಂದ ರೋಗವೇ?

‘ಯೂಟ್ಯೂಬ್ ನೋಡಿ ಹಾಳಾದರು’ ಎನ್ನುವುದು ಸುಲಭ. ಆದರೆ ಸಂಶಯ ಮೊಬೈಲಿಗಿಂತ ಬಹಳ ಹಳೆಯದು.

ಸತ್ತವರನ್ನು ಹೇಗೆ ಎಬ್ಬಿಸುತ್ತೀ ಎಂದು ತೋರಿಸು, ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಪ್ರವಾದಿ ಇಬ್ರಾಹೀಮರು ದೇವರನ್ನೇ ಕೇಳಿಕೊಂಡ ಪ್ರಸಂಗ ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲಿದೆ. ಅವರಿಗೆ ಶಿಕ್ಷೆಯಾಗಲಿಲ್ಲ, ಉತ್ತರ ಸಿಕ್ಕಿತು. ಬಾಯಲ್ಲಿ ಹೇಳಲೂ ಆಗದಂಥ ಯೋಚನೆಗಳು ಮನಸ್ಸಿಗೆ ಬರುತ್ತವೆ ಎಂದು ಪ್ರವಾದಿಯವರ ಸಂಗಾತಿಗಳು ಹೇಳಿಕೊಂಡಾಗ, ಅಷ್ಟು ಸಂಕಟಪಡುವುದೇ ಈಮಾನಿನ ಗುರುತು ಎಂಬ ಅರ್ಥದ ಸಮಾಧಾನ ಸಿಕ್ಕಿತೆಂದು ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹ ಹೇಳುತ್ತದೆ.

ಇಮಾಮ್ ಗಝಾಲಿ (1058–1111) ಬಾಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದ ದೊಡ್ಡ ವಿದ್ವಾಂಸರು. ಕಣ್ಣಿಗೆ ಕಾಣುವುದನ್ನೂ ಬುದ್ಧಿಗೆ ತೋಚುವುದನ್ನೂ ನಂಬಲಾಗದ ಸ್ಥಿತಿಯಲ್ಲಿ ಸುಮಾರು ಎರಡು ತಿಂಗಳು ಕಳೆದೆ ಎಂದು ಅವರೇ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. 1095ರಲ್ಲಿ ಬೇರೊಂದು ಸಂಕಟ ಬಂದು, ಪಾಠ ಹೇಳಲು ನಾಲಿಗೆಯೇ ಏಳದಂತಾಯಿತು. ಅವರು ಹುದ್ದೆ ಬಿಟ್ಟು ಊರೂರು ತಿರುಗಿದರು. ಮತ್ತೆ ಪಾಠ ಹೇಳಲು ಕೂತದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ.

ಗಝಾಲಿ ಕೊನೆಗೆ ನಂಬಿಕೆಗೆ ಮರಳಿದರು. ಎಲ್ಲರೂ ಮರಳುತ್ತಾರೆ ಎಂದೇನಿಲ್ಲ. ಆದರೆ ಅವರಿಗೆ ಆ ಹತ್ತು ವರ್ಷ ಸಿಕ್ಕಿತ್ತು. ನಮ್ಮ ಮಕ್ಕಳಿಗೆ ಹತ್ತು ದಿನವನ್ನಾದರೂ ಕೊಡುತ್ತಿದ್ದೇವೆಯೇ?

ಒಂದೇ ಹೆಸರು, ಮೂರು ಬೇರೆ ಸ್ಥಿತಿ

‘ಸಂಶಯ’ ಎಂಬ ಒಂದೇ ಪದದಲ್ಲಿ ಕನಿಷ್ಠ ಮೂರು ಸಂಗತಿಗಳು ಬೆರೆತಿರುತ್ತವೆ. ಪ್ರತಿಯೊಂದಕ್ಕೂ ಬೇಕಾದ ಸಹಾಯ ಬೇರೆ. ಎಲ್ಲಕ್ಕೂ ಒಂದೇ ಮದ್ದು ಕೊಟ್ಟಾಗಲೇ ಅನಾಹುತವಾಗುವುದು.

1. ಯೋಚನೆಯಿಂದ ಬಂದ ಪ್ರಶ್ನೆ. ಜೀವವಿಕಾಸದ ಪಾಠ, ಜಗತ್ತಿನಲ್ಲಿ ಇಷ್ಟು ನೋವು ಏಕೆ ಎಂಬ ಚಿಂತೆ, ಬೇರೆ ಧರ್ಮದ ಒಳ್ಳೆಯ ಗೆಳೆಯರು ನರಕಕ್ಕೆ ಹೋಗುತ್ತಾರೆಯೇ ಎಂಬ ಕಳವಳ. ಹದಿನೈದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಅಪ್ಪ ಅಮ್ಮನಿಂದ ಬಂದದ್ದನ್ನೆಲ್ಲ ಒಮ್ಮೆ ತಿರುವಿ ನೋಡುವುದು ಬೆಳವಣಿಗೆಯ ಸಹಜ ಹಂತ. ಇಲ್ಲಿ ಬೇಕಾದದ್ದು ಸಮಯ, ಓದು, ಮತ್ತು ಸಿಟ್ಟಾಗದೆ ಮಾತಾಡುವ ಒಬ್ಬರು.

2. ನೋವಿನಿಂದ ಬಂದ ದೂರ. ಮದ್ರಸದಲ್ಲಿ ತಿಂದ ಏಟು, ಅಣ್ಣನಿಗಿರುವ ಸ್ವಾತಂತ್ರ್ಯ ತನಗೇಕಿಲ್ಲ ಎಂಬ ಹುಡುಗಿಯ ಪ್ರಶ್ನೆ, ಪ್ರಾರ್ಥಿಸಿದರೂ ಉಳಿಯದ ಅಜ್ಜಿ. ಇವರಿಗೆ ದೇವರಿದ್ದಾನೆ ಎಂಬುದಕ್ಕೆ ಪುರಾವೆ ಕೊಟ್ಟು ಪ್ರಯೋಜನವಿಲ್ಲ. ಮೊದಲು ನೋವನ್ನು ಕೇಳಬೇಕು. ರೂಢಿಯನ್ನು ಪ್ರಶ್ನಿಸುವುದಕ್ಕೂ ಧರ್ಮ ಬಿಡುವುದಕ್ಕೂ ವ್ಯತ್ಯಾಸವಿದೆ. ಕನ್ನಡದಲ್ಲಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರಂಥ ಲೇಖಕಿಯರು ಸಮುದಾಯದ ಒಳಗೇ ನಿಂತು ಇಂಥ ಪ್ರಶ್ನೆಗಳನ್ನು ಕೇಳಿದ್ದಾರೆ.

3. ಬೇಡವೆಂದರೂ ನುಗ್ಗುವ ಯೋಚನೆ. ನಮಾಝಿಗೆ ನಿಂತಾಗಲೇ ದೇವರ ಬಗ್ಗೆ ಕೆಟ್ಟ ಮಾತು ತಲೆಯೊಳಗೆ ಬರುತ್ತದೆ. ವುಝೂ ಸರಿಯಾಯಿತೋ ಇಲ್ಲವೋ ಎಂದು ಹತ್ತು ಸಲ ಕೈಕಾಲು ತೊಳೆಯುತ್ತಾರೆ. ನಾನು ಇಸ್ಲಾಮಿನಿಂದ ಹೊರಗೆ ಹೋದೆನೇ ಎಂದು ದಿನಕ್ಕೆ ಹಲವು ಬಾರಿ ಕಲಿಮಾ ಹೇಳುತ್ತಾರೆ. ಜನ ಇದನ್ನು ವಸ್‌ವಾಸ್ ಎನ್ನುತ್ತಾರೆ. ಇದು ಮಿತಿ ಮೀರಿ ಓದು, ನಿದ್ದೆ, ಊಟವನ್ನೇ ಕೆಡಿಸತೊಡಗಿದರೆ ಅದು ಗೀಳು ಕಾಯಿಲೆ, ಅಂದರೆ ಒಸಿಡಿ ಇರಬಹುದು. ಇವರು ನಂಬಿಕೆ ಬಿಡುವವರಲ್ಲ. ನಂಬಿಕೆ ಕಳೆದುಹೋದೀತು ಎಂಬ ಭಯದಲ್ಲೇ ಬೇಯುತ್ತಿರುವವರು.

ಬಿಳಿ ಕರಡಿಯ ಪ್ರಯೋಗ

ಕೆಟ್ಟ ಯೋಚನೆ ಯಾಕೆ ಹೋಗುವುದಿಲ್ಲ? 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರನ್ನು ಕೂರಿಸಿ, ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ನಂತರ ಯೋಚಿಸಬಹುದು ಎಂದಾಗ, ಮೊದಲಿನಿಂದಲೇ ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು. ಒತ್ತಿ ಹಿಡಿದ ಯೋಚನೆ ಚಿಮ್ಮಿ ಬರುತ್ತದೆ.

1978ರ ಇನ್ನೊಂದು ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಸುಮಾರು ಶೇ 80ರಷ್ಟು ಜನ ತಮಗೂ ಬೇಡದ, ಅಸಹ್ಯದ ಯೋಚನೆಗಳು ಬರುತ್ತವೆ ಎಂದರು. ಯೋಚನೆ ಬರುವುದು ಸಾಮಾನ್ಯ. ಅದಕ್ಕೆ ಹೆದರಿ, ಅದನ್ನು ಅಳಿಸಲು ಮತ್ತೆ ಮತ್ತೆ ಏನಾದರೂ ಮಾಡುತ್ತಾ ಹೋದಾಗ ಗೀಳು ಬಲಿಯುತ್ತದೆ. ಅದಕ್ಕೇ ‘ಇದನ್ನು ನೂರು ಸಲ ಓದು’ ಎಂಬ ಸಲಹೆ ಒಸಿಡಿ ಇರುವವರಿಗೆ ತಿರುಗುಬಾಣವಾಗಬಹುದು. ಓದಿದಷ್ಟೂ ‘ಸರಿಯಾಗಿ ಓದಿದೆನೇ’ ಎಂಬ ಹೊಸ ಅನುಮಾನ ಹುಟ್ಟುತ್ತದೆ.

ಒಸಿಡಿಗೆ ಚಿಕಿತ್ಸೆ ಇದೆ. ಆಪ್ತಸಮಾಲೋಚನೆಯ ಒಂದು ನಿರ್ದಿಷ್ಟ ವಿಧಾನದಲ್ಲಿ, ಭಯ ಹುಟ್ಟಿಸುವ ಯೋಚನೆಯನ್ನು ಎದುರಿಸಿಯೂ ತೊಳೆಯುವುದು, ಮತ್ತೆ ಮತ್ತೆ ಹೇಳುವುದು ಮುಂತಾದವನ್ನು ಮಾಡದೆ ಇರಲು ಹಂತ ಹಂತವಾಗಿ ಕಲಿಸುತ್ತಾರೆ. ಬೇಕಿದ್ದರೆ ಮಾತ್ರೆಯನ್ನೂ ಕೊಡುತ್ತಾರೆ. ವೈದ್ಯರನ್ನು ಕಾಣುವುದು ಧರ್ಮಕ್ಕೆ ವಿರೋಧ ಎಂದುಕೊಳ್ಳಬೇಕಿಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ಮುಸ್ಲಿಂ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ, ಬಿಡದೆ ಕಾಡುವ ಯೋಚನೆಗಳನ್ನು ಮನಸ್ಸಿನ ತೊಂದರೆಯೆಂದೇ ವಿವರಿಸಿದ್ದರು.

ಫಾರ್ವರ್ಡ್ ಹೇಳುವುದು, ನಿಜ ಇರುವುದು

‘ಪ್ರಶ್ನೆ ಕೇಳುವವರಿಗೆ ಜಿನ್ ಹಿಡಿದಿದೆ, ಹೊಡೆದು ಬಿಡಿಸಬೇಕು.’
ಹೊಡೆತ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಆಶ್ರಯಮನೆಗಳಲ್ಲೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಸತ್ತರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಮಾನಸಿಕ ಕಾಯಿಲೆ ಇರುವವರನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವಂತಿಲ್ಲ. ದುಆ ಮಾಡಿಸುವುದು ಮನೆಯವರ ನಂಬಿಕೆ. ಆದರೆ ಅದು ವೈದ್ಯರ ಬಳಿ ಹೋಗುವುದನ್ನು ತಡೆಯಬಾರದು.

‘ದೇವರನ್ನು ನಂಬದಿದ್ದರೆ ತಲೆ ಕೆಟ್ಟಿದೆ ಎಂದೇ ಅರ್ಥ.’
ತಪ್ಪು. ತನ್ನ ಸಮುದಾಯದ ಧಾರ್ಮಿಕ ನಂಬಿಕೆಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಸಂಶಯ ಇರುವವರನ್ನೆಲ್ಲ ಮನೋವೈದ್ಯರ ಬಳಿ ಎಳೆದೊಯ್ಯುವುದೂ ತಪ್ಪೇ. ನರಳಾಟ ಇದ್ದರೆ ಮಾತ್ರ ವೈದ್ಯರು ಬೇಕು.

‘ಗಟ್ಟಿಯಾಗಿ ವಾದ ಮಾಡಿ ಸೋಲಿಸಿದರೆ ಸರಿಹೋಗುತ್ತಾರೆ.’
ಸ್ವಾತಂತ್ರ್ಯಕ್ಕೆ ಕೈ ಹಾಕಿದಾಗ ಮನುಷ್ಯ ಎದುರು ತಿರುಗುತ್ತಾನೆ ಎಂಬುದನ್ನು 1966ರಲ್ಲಿ ಜಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ ಸಿದ್ಧಾಂತವಾಗಿ ಮಂಡಿಸಿದರು. ಅಪ್ಪನೊಡನೆ ವಾದದಲ್ಲಿ ಸೋತ ಮಗ ಸುಮ್ಮನಾಗಬಹುದು. ಆದರೆ ಅವನು ಒಪ್ಪಿಕೊಂಡ ಎಂದು ಅರ್ಥವಲ್ಲ. ಇನ್ನು ಮುಂದೆ ಅಪ್ಪನಿಗೆ ಹೇಳುವುದಿಲ್ಲ ಎಂದು ನಿರ್ಧರಿಸಿರಬಹುದು.

ಮನೆಯವರು ಏನು ಮಾಡಬಹುದು?

ಮೊದಲ ಮಾತು ಬಹಳ ಮುಖ್ಯ. ಹೇಳಿಕೊಳ್ಳುವ ಮೊದಲು ಆ ಮಗು ತಿಂಗಳುಗಟ್ಟಲೆ ಹೆದರಿರುತ್ತದೆ. ‘ನೀನು ನಮ್ಮ ಮಗಳೇ, ಅದರಲ್ಲಿ ಬದಲಿಲ್ಲ. ಎಷ್ಟು ದಿನದಿಂದ ಹೀಗೆ ಅನಿಸುತ್ತಿದೆ?’ ಎಂದು ಉಮ್ಮ ಕೇಳಿದರೆ ಅರ್ಧ ಭಾರ ಇಳಿಯುತ್ತದೆ. ‘ಯಾರು ನಿನ್ನ ತಲೆ ಕೆಡಿಸಿದ್ದು?’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಮಗು ಒಪ್ಪಿದರೆ, ಪ್ರಶ್ನೆಗೆ ಸಿಡುಕದ ಉಸ್ತಾದರನ್ನೋ, ಓದಿಕೊಂಡ ಸೋದರಮಾವನನ್ನೋ ಮಾತಿಗೆ ಸೇರಿಸಿಕೊಳ್ಳಿ. ಒಪ್ಪದಿದ್ದರೆ ಬೇಡ.

ಫೀಸು, ಊಟ, ಫೋನುಗಳನ್ನು ನಂಬಿಕೆಗೆ ಕಟ್ಟಬೇಡಿ. ‘ನಮಾಝ್ ಮಾಡಿದರೆ ಮಾತ್ರ ಕಾಲೇಜು’ ಎಂದರೆ ಮಗು ಕಲಿಯುವುದು ನಾಟಕವನ್ನು. ಧರ್ಮದಲ್ಲಿ ಬಲವಂತವಿಲ್ಲ ಎಂಬ ಮಾತು ಕುರ್‌ಆನ್‌ನಲ್ಲೇ ಇದೆ. ಮನೆಯ ಶಿಸ್ತು ಬೇರೆ ವಿಷಯ. ರಂಝಾನಿನಲ್ಲಿ ಇಫ್ತಾರ್ ಸಿದ್ಧಮಾಡಲು ಕೈಜೋಡಿಸು, ಅಜ್ಜನ ಮುಂದೆ ಅವರ ನಂಬಿಕೆಯನ್ನು ಗೇಲಿ ಮಾಡಬೇಡ ಎಂದು ಕೇಳುವ ಹಕ್ಕು ಮನೆಯವರಿಗೂ ಇದೆ. ಗೌರವ ಎರಡೂ ಕಡೆಯಿಂದ ಇರಲಿ.

ಮದುವೆ ಪರಿಹಾರವಲ್ಲ. ಹಾಗೆ ಮಾಡಿದರೆ ಏನೂ ಅರಿಯದ ಇನ್ನೊಂದು ಜೀವವನ್ನು ಸಮಸ್ಯೆಗೆ ಎಳೆದಂತೆ.

ಅಪ್ಪ ಅಮ್ಮನ ದುಃಖವೂ ನಿಜವೇ. ಮಗು ಪರಲೋಕದಲ್ಲಿ ತಮ್ಮ ಜೊತೆ ಇರುವುದಿಲ್ಲವೇ ಎಂಬ ಭಯ ಅವರ ಪಾಲಿಗೆ ಸಣ್ಣದಲ್ಲ. ಅದನ್ನು ನಂಬಿಕಸ್ಥ ಒಬ್ಬರ ಬಳಿ ಹೇಳಿಕೊಳ್ಳಲಿ. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೇಡ.

ನೀವು ಗೆಳೆಯರಾಗಿದ್ದರೆ

ಹಾಸ್ಟೆಲಿನ ಗೆಳೆಯ ಇಂಥ ಮಾತು ನಿಮಗೆ ಹೇಳಿದ್ದರೆ, ನಿಮ್ಮನ್ನು ನಂಬಿ ಹೇಳಿದ್ದಾನೆ. ನೀವು ಬೇರೆ ಧರ್ಮದವರೋ ನಾಸ್ತಿಕರೋ ಆಗಿದ್ದರೆ ಇನ್ನೂ ಎಚ್ಚರ ಬೇಕು. ಅವನ ಸಂಶಯ ನಿಮ್ಮ ಪಕ್ಷದ ಗೆಲುವಲ್ಲ. ಅವನು ತನ್ನ ಮಸೀದಿಯ ಮೇಲೆ ಸಿಟ್ಟಾಗಿರಬಹುದು, ಹಾಗೆಂದು ತನ್ನ ಉಮ್ಮನನ್ನು, ತನ್ನ ಓಣಿಯನ್ನು ನೀವು ಹೀಯಾಳಿಸುವುದು ಅವನಿಗೆ ಬೇಕಿಲ್ಲ. ಮುಸ್ಲಿಂ ಎಂಬ ಕಾರಣಕ್ಕೆ ಹೊರಗೆ ಅವಮಾನ, ಪ್ರಶ್ನಿಸುತ್ತಾನೆ ಎಂಬ ಕಾರಣಕ್ಕೆ ಒಳಗೆ ಅವಮಾನ ಎಂದಾದರೆ ಅವನು ಎಲ್ಲಿಗೆ ಹೋಗಬೇಕು?

ಸ್ಕ್ರೀನ್‌ಶಾಟ್ ಯಾಕೆ ಅಪಾಯ?

ಈ ವಿಷಯದಲ್ಲಿ ಜೀವವೇ ಹೋಗಬಹುದು ಎಂಬುದು ಉತ್ಪ್ರೇಕ್ಷೆಯಲ್ಲ. ನಾಸ್ತಿಕ ವಿಚಾರಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿಕೊಳ್ಳುತ್ತಿದ್ದ ಎಚ್. ಫಾರೂಕ್ ಎಂಬ ಯುವಕನ ಹತ್ಯೆ 2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ ನಡೆಯಿತು. ಇದು ಒಂದೇ ಧರ್ಮದ ಸಮಸ್ಯೆ ಎಂದೂ ಯಾರೂ ಹೇಳುವಂತಿಲ್ಲ. ನಮ್ಮದೇ ರಾಜ್ಯದಲ್ಲಿ 2015ರಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು.

ಹಾಗಾಗಿ ಒಬ್ಬರು ಖಾಸಗಿಯಾಗಿ ಬರೆದ ಸಂದೇಶವನ್ನು ‘ನೋಡಿ ಇವನ ಮಾತು’ ಎಂದು ಮುಂದೆ ಕಳುಹಿಸಬೇಡಿ. ಅದು ಎಲ್ಲಿಗೆ ತಲುಪುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಸೌದಿ ಅರೇಬಿಯಾ, ಯುಎಇ, ಕುವೈತ್‌ಗಳಲ್ಲಿ ಧರ್ಮನಿಂದನೆಗೆ ಶಿಕ್ಷೆ ಇದೆ.

ಭಾರತದಲ್ಲಿ ನಂಬಿಕೆ ಬಿಡುವುದು ಅಪರಾಧವಲ್ಲ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ನಂಬುವ ಹಕ್ಕನ್ನೂ ನಂಬದಿರುವ ಹಕ್ಕನ್ನೂ ಅದೇ ಕಾಯುತ್ತದೆ. ಜೀವ ಬೆದರಿಕೆ ಬಂದರೆ 112ಕ್ಕೆ ಕರೆ ಮಾಡಬಹುದು.

ಸಂಶಯ ನಿಮ್ಮದೇ ಆಗಿದ್ದರೆ

ಇವತ್ತೇ ತೀರ್ಮಾನಿಸಬೇಕು ಎಂಬ ಅವಸರ ಬೇಡ. ‘ಇನ್ನೂ ಯೋಚಿಸುತ್ತಿದ್ದೇನೆ’ ಎಂಬುದೂ ಒಂದು ಉತ್ತರವೇ. ಎಲ್ಲವನ್ನೂ ಎಲ್ಲರಿಗೂ ಹೇಳಬೇಕಿಲ್ಲ. ಹೇಳಿದರೆ ಮನೆಯಿಂದ ಹೊರಹಾಕುವ, ಹೊಡೆಯುವ ಸಾಧ್ಯತೆ ಇದ್ದರೆ ಓದು ಮುಗಿದು ಕಾಲ ಮೇಲೆ ನಿಲ್ಲುವವರೆಗೆ ಕಾಯುವುದು ಹೇಡಿತನವಲ್ಲ. ರಾತ್ರಿಯಿಡೀ ವಾದದ ವಿಡಿಯೊಗಳನ್ನು ನೋಡುವುದು ಕಡಿಮೆ ಮಾಡಿ. ಪರವಾಗಿರಲಿ ವಿರೋಧವಾಗಿರಲಿ, ಅವು ನಿಮ್ಮ ಸಿಟ್ಟನ್ನೇ ನಂಬಿ ಓಡುತ್ತವೆ.

ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಸಂಶಯದ ಕೊನೆ ಏನಾಗುತ್ತದೆ ಎಂದು ಯಾರಿಂದಲೂ ಹೇಳಲಾಗದು. ಕೆಲವರು ಇನ್ನೂ ಗಟ್ಟಿಯಾಗಿ ನಂಬುತ್ತಾರೆ, ಕೆಲವರು ತಮ್ಮದೇ ರೀತಿಯಲ್ಲಿ ನಂಬುತ್ತಾರೆ, ಕೆಲವರು ಬಿಡುತ್ತಾರೆ. ಅದು ಮನೆಯವರ ಕೈಯಲ್ಲಿಲ್ಲ. ಆ ದಾರಿಯಲ್ಲಿ ಮಗು ಒಂಟಿಯಾಗದಂತೆ ನೋಡಿಕೊಳ್ಳುವುದು ಮಾತ್ರ ಅವರ ಕೈಯಲ್ಲಿದೆ. ಇದನ್ನು ಯಾರಿಗಾದರೂ ಕಳುಹಿಸುವುದಾದರೆ ‘ನಿನಗಾಗಿ’ ಎಂದು ಬರೆದು ಗ್ರೂಪಿಗೆ ಹಾಕಬೇಡಿ. ಅವರೊಬ್ಬರಿಗೇ ಕಳುಹಿಸಿ, ಆಮೇಲೆ ಒಂದು ಚಹಾಕ್ಕೆ ಕರೆಯಿರಿ.