ಬುದ್ಧನೋ ಜಪಾನೋ?

ಯಾದಗಿರಿ, ಶಹಾಪುರ, ಸುರಪುರದ ಕಾಲೇಜು ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: ಕೈಯಲ್ಲಿ ಒಂದೇ ಪುಸ್ತಕದ ದುಡ್ಡಿದೆ, ಬೌದ್ಧ ಧರ್ಮದ ಪುಸ್ತಕ ಕೊಳ್ಳಲೋ, ಜಪಾನಿನ ಇತಿಹಾಸ ಕೊಳ್ಳಲೋ? "ಜಪಾನ್ ಕಟ್ಟಿಕೊಂಡು ನಮಗೇನು? ಬುದ್ಧನನ್ನು ಓದಿ" ಎಂದು ತಿಳಿದವರು ಹೇಳುತ್ತಾರೆ. ಈ ಸಲಹೆಗೆ ನನ್ನ ತಕರಾರಿದೆ.

ಬುದ್ಧ ನಮಗೆ ಪರಊರಿನವನಲ್ಲ. ಶಹಾಪುರದ ಗುಡ್ಡಸಾಲನ್ನೇ ನಾವು ಮಲಗಿದ ಬುದ್ಧ ಎನ್ನುತ್ತೇವೆ. ಭೀಮಾ ದಂಡೆಯ ಸನ್ನತಿ ದೂರವಿಲ್ಲ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಕೊರೆದ ಅಶೋಕನ ಶಿಲ್ಪವೇ ಸಿಕ್ಕಿದೆ. ಜಿ.ಪಿ. ರಾಜರತ್ನಂ ಕನ್ನಡಕ್ಕೆ ತಂದ ಬೌದ್ಧ ಸಾಹಿತ್ಯವಿದೆ, ಅಂಬೇಡ್ಕರರ 'ಬುದ್ಧ ಮತ್ತು ಅವನ ಧಮ್ಮ' ಕನ್ನಡದಲ್ಲಿದೆ. ಇವನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ, ಗೆಳೆಯರಿಂದ ಎರವಲು ತನ್ನಿ. ದುಡ್ಡು ಕೊಟ್ಟು ಕೊಳ್ಳುವುದಾದರೆ ಜಪಾನಿನ ಇತಿಹಾಸವನ್ನೇ ಕೊಳ್ಳಿ.

ಯಾಕೆಂದರೆ ಧಮ್ಮ ಅಧಿಕಾರದ ಜೊತೆ ಸಂಸಾರ ಹೂಡಿದರೆ ಏನಾಗುತ್ತದೆಂಬುದು ಅಲ್ಲಿದೆ. 6ನೇ ಶತಮಾನದಲ್ಲಿ ಕೊರಿಯಾದ ಅರಸನ ಉಡುಗೊರೆಯಾಗಿ ಬುದ್ಧನ ಮೂರ್ತಿ ಜಪಾನಿನ ಆಸ್ಥಾನಕ್ಕೆ ಬಂತು. 752ರಲ್ಲಿ ನಾರಾದ ಮಹಾಬುದ್ಧನಿಗೆ ಕಣ್ಣು ಬರೆದವನು ಭಾರತದ ಭಿಕ್ಷು ಬೋಧಿಸೇನ. ಮುಂದೆ ಮಠಗಳು ಸೈನ್ಯ ಸಾಕಿದವು. 1571ರಲ್ಲಿ ಒಡಾ ನೊಬುನಾಗ ಹಿಯೆ ಬೆಟ್ಟದ ಮಠವನ್ನು ಸುಟ್ಟ. ತೊಕುಗಾವ ಆಳ್ವಿಕೆಯಲ್ಲಿ ಪ್ರತಿ ಕುಟುಂಬದ ಹೆಸರೂ ಒಂದು ದೇವಾಲಯದ ದಫ್ತರದಲ್ಲಿ ದಾಖಲಾಗಬೇಕಾಯಿತು. ಪುರೋಹಿತ ಸರ್ಕಾರದ ಗುಮಾಸ್ತನಾದ.

ಇನ್ನೂ ಕಹಿಯಾದದ್ದಿದೆ. ಚರ್ಮದ ಕೆಲಸ ಮಾಡುತ್ತಿದ್ದ ಬುರಾಕು ಜನ ಸತ್ತಾಗ ಅವರಿಗಿಡುವ ಹೆಸರಿನಲ್ಲಿ 'ಪಶು' ಎಂಬರ್ಥದ ಅಕ್ಷರ ಸೇರಿಸಿ ಗೋರಿಯ ಮೇಲೆ ಕೆತ್ತಿಸಿದ ಬೌದ್ಧ ಪುರೋಹಿತರಿದ್ದರು. ಸೋತೋ ಝೆನ್ ಪಂಥ ತಾನು ಯುದ್ಧಕ್ಕೆ ಕೈಜೋಡಿಸಿದ್ದಕ್ಕೆ ಪಶ್ಚಾತ್ತಾಪ ಪ್ರಕಟಿಸಿದ್ದು 1992ರಲ್ಲಿ. ಅಂಗಡಿಗಳಲ್ಲಿ ಬಿಕರಿಯಾಗುವ ಮುದ್ದಾದ ಝೆನ್ ಕತೆಗಳ ಪುಸ್ತಕಗಳಲ್ಲಿ ಇದನ್ನೆಲ್ಲ ಹುಡುಕಬೇಡಿ.

"ಇದು ಬುದ್ಧನ ತಪ್ಪಲ್ಲವಲ್ಲ" ಎನ್ನಬಹುದು. ಒಪ್ಪಿದೆ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧರಾದದ್ದು ಜಾತಿಯ ಬೇಲಿ ದಾಟಲು. ಅವರ ದಾರಿ ಹಿಡಿದ ನಮ್ಮ ಕಡೆಯ ಮಕ್ಕಳಿಗೆ, ಅದೇ ಬೇಲಿ ವಿಹಾರದೊಳಗೂ ಎದ್ದೀತು ಎಂಬ ಎಚ್ಚರ ಬೇಡವೇ? ಪೂಜೆಗೆ ಕೂತ ಬುದ್ಧ ಈ ಎಚ್ಚರ ಕೊಡಲಾರ, ಇತಿಹಾಸ ಕೊಡುತ್ತದೆ.

ಅನುಮಾನವಿದ್ದರೆ ಸನ್ನತಿಯ ಕಲ್ಲನ್ನೇ ಕೇಳಿ. ಅಶೋಕನ ಶಾಸನದ ಆ ಚಪ್ಪಡಿಗೆ ತೂತು ಕೊರೆದು ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠ ಮಾಡಿದ್ದರು. 1986ರವರೆಗೆ ಅದರ ಅಕ್ಷರ ಯಾರಿಗೂ ಬೇಕಿರಲಿಲ್ಲ.